ತಟ್ಟೆಯೋ ಪೆನ್‌ಡ್ರೈವೋ? ಡಿಜೆಗಳಿಗೆ ಒಂದಷ್ಟು ಸೂತ್ರಗಳು

ಡಿಜೆ ಆಗಬೇಕೆಂದು ಹೊರಟವರು ಮೊದಲು ಕೇಳುವ ಪ್ರಶ್ನೆ ಇದು: ವಿನೈಲ್ ಕಲಿಯಲೋ, ಡಿಜಿಟಲ್‌ನಲ್ಲೇ ಶುರು ಮಾಡಲೋ? ಉತ್ತರ ಹೇಳುವವರಲ್ಲಿ ಎರಡು ಪಂಗಡ. ಒಂದರ ಪ್ರಕಾರ ಪೆನ್‌ಡ್ರೈವ್ ಹಿಡಿದು ಬಂದವನು ಡಿಜೆಯೇ ಅಲ್ಲ. ಇನ್ನೊಂದರ ಪ್ರಕಾರ ತಟ್ಟೆ ಹೊತ್ತು ತಿರುಗುವವನು ಬರೀ ಷೋಕಿವಾಲ. ಇಬ್ಬರ ಮಾತನ್ನೂ ಬದಿಗಿಡಿ. ನೀವು ನುಡಿಸುವ ಹಾಡು ಯಾವ ರೂಪದಲ್ಲಿ ಚೆನ್ನಾಗಿ ಸಿಗುತ್ತದೆ, ನುಡಿಸುವ ಜಾಗದಲ್ಲಿ ಯಾವ ಯಂತ್ರ ಇದೆ, ಇವೆರಡು ಗೊತ್ತಾದರೆ ಮುಕ್ಕಾಲು ಪಾಲು ತೀರ್ಮಾನ ಆದಂತೆಯೇ. ಗಣೇಶನ ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಸ್ಪೀಕರಿನ ಗೋಡೆ ಎಬ್ಬಿಸುವ ಡಿಜೆಯವರಿಗೆ ಮಾತ್ರ ಈ ಬರಹದಿಂದ ಹೆಚ್ಚು ಉಪಯೋಗವಿಲ್ಲ. ಅವರ ತಕರಾರೆಲ್ಲ ಪೊಲೀಸ್ ಠಾಣೆಯಲ್ಲಿ ಇತ್ಯರ್ಥವಾಗುವಂಥದ್ದು.

1. ಹಾಡು ಎಲ್ಲಿದೆಯೋ ಅಲ್ಲಿಗೇ ಹೋಗಿ

ಈ ವಾರ ಬರ್ಲಿನ್ನಿನಲ್ಲೋ ಡೆಟ್ರಾಯಿಟ್ಟಿನಲ್ಲೋ ಬಿಡುಗಡೆಯಾದ ಟೆಕ್ನೊ ನುಡಿಸುವ ಆಸೆಯಿದ್ದರೆ ಡಿಜಿಟಲ್ ಬಿಟ್ಟು ಬೇರೆ ದಾರಿ ಹುಡುಕಬೇಡಿ. ಫೈಲು ಇಂದು ಬಿಡುಗಡೆಯಾಗಿ ಇಂದೇ ಲ್ಯಾಪ್‌ಟಾಪಿಗೆ ಇಳಿಯುತ್ತದೆ. ಅದೇ ಹಾಡಿನ ತಟ್ಟೆ ಕಾರ್ಖಾನೆಯಲ್ಲಿ ಸರದಿ ಕಾದು, ವಿಮಾನ ಹತ್ತಿ, ಕಸ್ಟಮ್ಸ್ ದಾಟಿ ನಿಮ್ಮ ಮನೆ ಮುಟ್ಟುವಷ್ಟರಲ್ಲಿ ಕುಣಿಯುವವರು ಬೇರೆ ಹಾಡು ಹಿಡಿದಿರುತ್ತಾರೆ. ತಟ್ಟೆಯ ಉದ್ಯಮ ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆ ಎಂಬುದು 2020ರ ಫೆಬ್ರವರಿಯಲ್ಲಿ ಗೊತ್ತಾಯಿತು. ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿದ್ದ ಅಪೋಲೊ ಮಾಸ್ಟರ್ಸ್ ಕಾರ್ಖಾನೆ ಬೆಂಕಿಗೆ ಆಹುತಿಯಾದಾಗ, ಮೂಲ ಅಚ್ಚು ಕೊರೆಯುವ ಲ್ಯಾಕರ್ ಫಲಕ ತಯಾರಿಸುವವರು ಎಂದು ಜಗತ್ತಿನಲ್ಲಿ ಉಳಿದದ್ದು ಜಪಾನಿನ ಒಂದು ಕಂಪನಿ.

ಇದಕ್ಕೆ ಉಲ್ಟಾ ಪರಿಸ್ಥಿತಿಯೂ ಇದೆ. ನಿಮ್ಮ ಒಲವು ಹಳೆಯ ಭಾರತೀಯ ಫಂಕ್, ಡಿಸ್ಕೊ ಕಡೆಗಿದ್ದರೆ ಒಳ್ಳೆಯ ಪ್ರತಿ ಎಷ್ಟೋ ಸಲ ಸಿಗುವುದು ತಟ್ಟೆಯಲ್ಲೇ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ಗೆ ಜಿ.ಕೆ. ವೆಂಕಟೇಶ್ ಕೊಟ್ಟ ಸಂಗೀತವನ್ನೋ 1981ರ ‘ಗೀತಾ’ಕ್ಕೆ ಇಳಯರಾಜಾ ಕೊಟ್ಟದ್ದನ್ನೋ ದೊಡ್ಡ ಸ್ಪೀಕರಿನಲ್ಲಿ ಕೇಳಿಸಬೇಕೆಂದರೆ, ಯಾರೋ ಸವೆದ ಕ್ಯಾಸೆಟ್ಟಿನಿಂದ ಇಳಿಸಿ ನೆಟ್‌ಗೆ ಏರಿಸಿದ ಫೈಲು ಕೈಕೊಡುತ್ತದೆ. ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ರೋಲೆಂಡ್ ಕಂಪನಿಯ 303, 808 ಯಂತ್ರಗಳ ಮೇಲೆ ಡಿಸ್ಕೊ ತಾಳಕ್ಕೆ ಕೂರಿಸಿದ ತಟ್ಟೆ ಆಗ ಯಾರಿಗೂ ಬೇಡವಾಗಿತ್ತು. 2010ರಲ್ಲಿ ನೆದರ್‌ಲ್ಯಾಂಡ್ಸಿನ ಲೇಬಲ್ಲೊಂದು ಅದನ್ನು ಮತ್ತೆ ಹೊರತಂದಾಗ, ಷಿಕಾಗೋದ ಆಸಿಡ್ ಹೌಸ್‌ಗಿಂತ ಮೊದಲೇ ಅಂಥದೇ ಸದ್ದು ಮುಂಬೈನಲ್ಲಿ ಹುಟ್ಟಿತ್ತೇ ಎಂದು ಯುರೋಪಿನವರು ಬೆರಗಾದರು. ನಡುವಿನ 28 ವರ್ಷ ಅದು ಹಳೆ ತಟ್ಟೆಗಳ ರಾಶಿ ಕೆದಕುವವರಿಗಷ್ಟೇ ಸಿಗುವಂತಿತ್ತು. ಈ ಬಗೆಯ ಸಂಗೀತ ನಿಮ್ಮದಾದರೆ ತಟ್ಟೆ ಷೋಕಿಯಲ್ಲ, ಕಸುಬಿನ ಸಾಮಾನು.

2. ಬೂತ್‌ನಲ್ಲಿ ಏನಿದೆ ಎಂದು ಮೊದಲೇ ವಿಚಾರಿಸಿ

ಬೆಂಗಳೂರಿನ ಬಹುತೇಕ ಕ್ಲಬ್ಬು, ಪಬ್ಬುಗಳಲ್ಲಿ ಕಾದಿರುವುದು ಪಯೋನಿಯರ್‌ನ ಸಿಡಿಜೆ ಪ್ಲೇಯರುಗಳು ಮತ್ತು ಒಂದು ಮಿಕ್ಸರ್. ಟರ್ನ್‌ಟೇಬಲ್ ಇದೆ ಎಂದು ಫೋನಿನಲ್ಲಿ ಹೇಳಿದರೂ ಅದು ಅಲಂಕಾರಕ್ಕೆ ಇಟ್ಟದ್ದೋ, ಸೂಜಿ ಸಮೇತ ಓಡುವಂಥದ್ದೋ ಕೇಳಿ ತಿಳಿದುಕೊಳ್ಳಿ.

ಡಿಜಿಟಲ್‌ನವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಯಾವ ಮಾದರಿಯ ಸಿಡಿಜೆ ಎಂದು ಕೇಳಿ. 2009ರಲ್ಲಿ ಬಂದ ಮೊದಲ ಸಿಡಿಜೆ-2000 ಫ್ಲಾಕ್ ಫೈಲನ್ನು ಓದುವುದಿಲ್ಲ. 2016ರ ನೆಕ್ಸಸ್ 2 ಓದುತ್ತದೆ. ಮನೆಯಲ್ಲಿ ಚಂದವಾಗಿ ಜೋಡಿಸಿಕೊಂಡ ಹಾಡುಗಳೆಲ್ಲ ಪರದೆಯ ಮೇಲೆ ‘ಇ-8305’ ಎಂಬ ಸಂಕೇತ ತೋರಿಸಿ ನಿಂತುಬಿಟ್ಟರೆ ಮಾಡುವುದೇನೂ ಉಳಿಯುವುದಿಲ್ಲ. ಎಐಎಫ್‌ಎಫ್ ಇಟ್ಟುಕೊಂಡರೆ ಹಳತು ಹೊಸತು ಎರಡರಲ್ಲೂ ಓಡುತ್ತದೆ, ಹಾಡಿನ ಹೆಸರು, ಕಲಾವಿದರ ಹೆಸರು ಫೈಲಿನೊಳಗೇ ಉಳಿಯುತ್ತವೆ. ವೇವ್ ಫೈಲಿನಲ್ಲಿ ಆ ವಿವರಗಳು ಆಗಾಗ ಮಾಯವಾಗುತ್ತವೆ. ಪೆನ್‌ಡ್ರೈವನ್ನು ಎಫ್‌ಎಟಿ-32ಕ್ಕೆ ಫಾರ್ಮ್ಯಾಟ್ ಮಾಡಿ.

3. ಸಿಂಕ್ ಬಟನ್ನಿನ ಮೇಲೆ ಟೇಪ್ ಅಂಟಿಸಿ

ಕಲಿಯುವ ಕಾಲದಲ್ಲಿ ಮಾತ್ರ. ಎರಡು ಹಾಡಿನ ವೇಗವನ್ನು ಯಂತ್ರವೇ ಹೊಂದಿಸಲಿ ಎಂದು ಸಿಂಕ್ ಒತ್ತುವುದು ಪಾಪವೇನಲ್ಲ, ಆದರೆ ಕಿವಿ ತಯಾರಾಗುವ ಮುಂಚೆ ಒತ್ತಿದರೆ ಕಿವಿ ಯಾವತ್ತೂ ತಯಾರಾಗುವುದಿಲ್ಲ. ಬೀಟ್ ಮ್ಯಾಚಿಂಗ್ ಕಲಿಯಲು ತಟ್ಟೆಯಷ್ಟು ಒಳ್ಳೆಯ ಮೇಷ್ಟ್ರು ಇಲ್ಲ. ಪರದೆಯಿಲ್ಲ, ಅಲೆಯ ಚಿತ್ರವಿಲ್ಲ, ಬಿಪಿಎಂ ಅಂಕಿಯಿಲ್ಲ. ಇರುವುದು ಹೆಡ್‌ಫೋನಿನ ಒಂದು ಕಿವಿ, ಹೊರಗಿನ ಸ್ಪೀಕರಿನ ಇನ್ನೊಂದು ಕಿವಿ.

ಮೊದಲ ಪಾಠಕ್ಕೆ ಒಂದೇ ತಟ್ಟೆಯ ಎರಡು ಪ್ರತಿ ಹುಡುಕಿ. ಎರಡೂ ಡೆಕ್‌ನಲ್ಲಿ ಒಂದೇ ಹಾಡು ಹಚ್ಚಿ, ಒಂದರ ವೇಗವನ್ನು ಚೂರು ಕೆಡಿಸಿ, ಮತ್ತೆ ಜೋಡಿಸಿ. ಎರಡು ಡ್ರಮ್ಮು ದೂರವಿದ್ದಾಗ ಕುದುರೆ ಓಡಿದ ಹಾಗೆ ಟಕಟಕ ಎನ್ನುತ್ತವೆ. ಹತ್ತಿರ ಬಂದಾಗ ಆ ಎರಡು ಸದ್ದು ಒಂದಾಗಿ, ವಿಮಾನ ತಲೆ ಮೇಲೆ ಹಾದುಹೋದಂಥ ‘ಊಶ್’ ಹುಟ್ಟುತ್ತದೆ. ಆ ಊಶ್ ಕೇಳಿತೆಂದರೆ ಕೂಡಿತು ಎಂದರ್ಥ. ಅಂದಹಾಗೆ, 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂ ಕಟ್ಟಡದ ಪಾರ್ಟಿಯಲ್ಲಿ ತಟ್ಟೆ ಹಾಕಿದ ಕೂಲ್ ಹರ್ಕ್ ಹೆಸರಾದದ್ದೂ ಇದೇ ಯುಕ್ತಿಯಿಂದ. ಒಂದೇ ತಟ್ಟೆಯ ಎರಡು ಪ್ರತಿ ಇಟ್ಟುಕೊಂಡು, ಡ್ರಮ್ಮಿನ ಚಿಕ್ಕ ತುಣುಕನ್ನು ಆ ಡೆಕ್ಕು ಈ ಡೆಕ್ಕು ಮಾಡಿ ಹಿಗ್ಗಿಸುತ್ತಾ ಹೋಗುವುದು. ಹಿಪ್‌ಹಾಪ್ ಹುಟ್ಟಿದ ದಿನವೆಂದು ಈಗಲೂ ಆ ತಾರೀಖನ್ನೇ ಹೇಳುತ್ತಾರೆ.

4. ಪಿಚ್ಚಿನ ಲೆಕ್ಕ ಬಾಯಿಗೆ ಬರಲಿ

ತಟ್ಟೆಯ ವೇಗ ಹೆಚ್ಚಿಸಿದರೆ ಶ್ರುತಿಯೂ ಏರುತ್ತದೆ. ಹೆಚ್ಚುಕಡಿಮೆ 6 ಶೇಕಡಾ ಎಂದರೆ ಅರ್ಧ ಸ್ವರ. ಟೆಕ್ನಿಕ್ಸ್ ಎಸ್‌ಎಲ್-1200ರ ಫೇಡರು 8 ಶೇಕಡಾದವರೆಗೆ ಹೋಗುತ್ತದೆ. ಅಷ್ಟಕ್ಕೆ ಎಳೆದರೆ ಹಾಡುಗಾರರ ಗಂಟಲೇ ಬದಲಾಗುತ್ತದೆ. ಆದ್ದರಿಂದ ತಟ್ಟೆಯಲ್ಲಿ 3 ಶೇಕಡಾದೊಳಗೆ ಹೊಂದುವ ಹಾಡುಗಳನ್ನೇ ಅಕ್ಕಪಕ್ಕ ಇಡಿ. ಡಿಜಿಟಲ್‌ನಲ್ಲಿ ಮಾಸ್ಟರ್ ಟೆಂಪೊ ಒತ್ತಿದರೆ ಶ್ರುತಿ ಕದಲುವುದಿಲ್ಲ, ನಿಜ. ಆದರೆ ತುಂಬ ಎಳೆದಾಗ ಡ್ರಮ್ಮಿನ ಪೆಟ್ಟು ಮೆದುವಾಗುತ್ತದೆ. ಹಾಡಿಲ್ಲದ, ಬರೀ ತಾಳದ ಟ್ರ್ಯಾಕುಗಳಲ್ಲಿ ಅದನ್ನು ಒತ್ತದೇ ಬಿಡುವುದು ಮೇಲು.

5. ಸದ್ದಿನ ಜಗಳಕ್ಕೆ ಇಳಿಯಬೇಡಿ, ಸದ್ದಿನ ಕಾರಣ ತಿಳಿಯಿರಿ

‘ವಿನೈಲ್ ಬೆಚ್ಚಗೆ ಕೇಳುತ್ತೆ’ ಎನ್ನುವ ಮಾತು ಸಾವಿರ ಸಲ ಕೇಳಿರುತ್ತೀರಿ. ಅರ್ಧ ನಿಜ. ತಟ್ಟೆ ಕೊರೆಯುವಾಗ ಬೇಸನ್ನು ತಗ್ಗಿಸಿ, ಮೇಲಿನ ಸ್ವರಗಳನ್ನು ಹೆಚ್ಚಿಸಿ ಕೊರೆಯುತ್ತಾರೆ. ನುಡಿಸುವಾಗ ಮಿಕ್ಸರಿನ ಫೋನೊ ಭಾಗ ಅದನ್ನು ಹಿಂದುಮುಂದು ಮಾಡಿ ಸರಿಪಡಿಸುತ್ತದೆ. ಆರ್‌ಐಎಎ ಎಂಬ ಈ ಅಳತೆ 1950ರ ದಶಕದಿಂದ ಎಲ್ಲ ಕಡೆ ಒಂದೇ. ಆಳದ ಬೇಸನ್ನು ಎಡ ಬಲ ಎಂದು ಹರಡುವಂತಿಲ್ಲ, ನಡುವಿಗೇ ತರಬೇಕು. ಇಲ್ಲದಿದ್ದರೆ ಸೂಜಿ ಎಗರುತ್ತದೆ. ಕುಣಿಯುವ ಜಾಗದಲ್ಲಿ ಬೇಸ್ ಗಟ್ಟಿಯಾಗಿ ಎದೆಗೆ ಬಡಿಯಲು ಇದೂ ಒಂದು ಕಾರಣ. ಜಾಣ ಎಂಜಿನಿಯರು ಫೈಲಿನಲ್ಲೂ ಇದನ್ನೇ ಮಾಡಬಲ್ಲರು.

ಜೊತೆಗೆ, ಎಲ್ಲ ತಟ್ಟೆಯೂ ಒಂದೇ ಅಲ್ಲ. 1970ರ ದಶಕದ ನ್ಯೂಯಾರ್ಕಿನಲ್ಲಿ ರೀಮಿಕ್ಸ್ ಮಾಡುತ್ತಿದ್ದ ಟಾಮ್ ಮೌಲ್ಟನ್‌ಗೆ 7 ಇಂಚಿನ ಖಾಲಿ ಫಲಕ ಸಿಗದೆ ದೊಡ್ಡದರ ಮೇಲೆ ಹಾಡು ಕೊರೆಸಿಕೊಳ್ಳಬೇಕಾಯಿತು. ಗೆರೆಗಳು ಅಗಲಕ್ಕೆ ಹರಡಿದವು, ಸದ್ದೂ ಬೇಸೂ ಒಟ್ಟಿಗೇ ಹಿಗ್ಗಿದವು. 1976ರಲ್ಲಿ ಸಾಲ್ಸೋಲ್ ಕಂಪನಿ ಡಬಲ್ ಎಕ್ಸ್‌ಪೋಷರ್ ತಂಡದ ‘ಟೆನ್ ಪರ್ಸೆಂಟ್’ ಹಾಡನ್ನು ಡಿಜೆ ವಾಲ್ಟರ್ ಗಿಬ್ಬನ್ಸ್ ಕೈಯಲ್ಲಿ ಹಿಗ್ಗಿಸಿ, 12 ಇಂಚಿನ ಸಿಂಗಲ್ಲಾಗಿ ಅಂಗಡಿಗೆ ತಂದಿತು. ಅಲ್ಲಿಂದ 12 ಇಂಚು ಡಿಜೆಗಳ ಸ್ವತ್ತಾಯಿತು. ಒಂದು ಮಗ್ಗುಲಿಗೆ ಒಂದೇ ಹಾಡು, 45ರ ವೇಗ ಇದ್ದರೆ ಆ ತಟ್ಟೆ ಎಂಥ ಫೈಲಿಗೂ ಸವಾಲು. ಅದೇ ಒಂದು ಮಗ್ಗುಲಿಗೆ 25 ನಿಮಿಷ ತುರುಕಿದ ಎಲ್‌ಪಿಯ ಕೊನೆಯ ಹಾಡು ಕ್ಲಬ್ಬಿನಲ್ಲಿ ಸೊರಗುತ್ತದೆ, ‘ಸ’ ‘ಷ’ ಅಕ್ಷರಗಳು ಸೀಳುತ್ತವೆ. ಅಂಥದ್ದನ್ನು ಫೈಲಿನಿಂದಲೇ ನುಡಿಸಿ, ಮುಜುಗರ ಬೇಡ.

6. ಫೈಲಿನ ಜಾತಕ ನೋಡಿ

ಇದು ಐದು ನಿಮಿಷದ ಕೆಲಸ, ಮಾಡುವವರು ಕಡಿಮೆ. ಸ್ಪೆಕ್ ಎಂಬ ಉಚಿತ ತಂತ್ರಾಂಶ ಇಳಿಸಿಕೊಳ್ಳಿ. ಫೈಲನ್ನು ಅದರೊಳಗೆ ಎಳೆದು ಬಿಟ್ಟರೆ ಬಣ್ಣದ ಒಂದು ಚಿತ್ರ ಮೂಡುತ್ತದೆ. ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಸಾಚಾ 320 ಕೆಬಿಪಿಎಸ್ ಎಂಪಿ3 ಆದರೆ ಬಣ್ಣ 20 ಕಿಲೋಹರ್ಟ್ಸ್‌ವರೆಗೆ ಏರಿರುತ್ತದೆ. 16ರಲ್ಲೇ ಕತ್ತಿಯಿಂದ ಕೊಯ್ದ ಹಾಗೆ ಗೆರೆ ಎಳೆದು ಮೇಲೆಲ್ಲ ಕಪ್ಪಿದ್ದರೆ, ಅದು 128ರ ಫೈಲನ್ನೋ ಯೂಟ್ಯೂಬಿನಿಂದ ಎಳೆದದ್ದನ್ನೋ ಉಬ್ಬಿಸಿ 320 ಎಂದು ಹೆಸರಿಟ್ಟ ಸರಕು. ಇಯರ್‌ಫೋನಿನಲ್ಲಿ ವ್ಯತ್ಯಾಸ ತಿಳಿಯದೆ ಹೋಗಬಹುದು. ಹತ್ತಾರು ಸಾವಿರ ವಾಟಿನ ಸ್ಪೀಕರಿನಲ್ಲಿ ಹೈಹ್ಯಾಟು ನೀರಲ್ಲಿ ನೆನೆಸಿದಂತೆ ಕೇಳುತ್ತದೆ.

ಕೊಳ್ಳುವಾಗ ವೇವ್, ಎಐಎಫ್‌ಎಫ್ ಅಥವಾ ಫ್ಲಾಕ್ ಕೊಳ್ಳಿ. ಅದರಿಂದ ಎಂಪಿ3 ಮಾಡಿಕೊಳ್ಳಬಹುದು. ಎಂಪಿ3ಯಿಂದ ಹಿಂದಕ್ಕೆ ಹೋಗುವ ದಾರಿಯಿಲ್ಲ. ಬ್ಯಾಂಡ್‌ಕ್ಯಾಂಪಿನಲ್ಲಿ ಒಮ್ಮೆ ಹಣ ಕೊಟ್ಟರೆ ಬೇಕಾದ ರೂಪದಲ್ಲಿ ಇಳಿಸಿಕೊಳ್ಳಬಹುದು, ತಟ್ಟೆ ಕೊಂಡವರಿಗೆ ಹೆಚ್ಚಾಗಿ ಫೈಲೂ ಜೊತೆಗೇ ಬರುತ್ತದೆ.

7. ಹಳೆ ತಟ್ಟೆ ಕೊಳ್ಳುವಾಗ ಕವರಿಗೆ ಮರುಳಾಗಬೇಡಿ

ಬಿವಿಕೆ ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿಗೋ ಮುಂಬೈನ ಚೋರ್ ಬಜಾರಿಗೋ ಹೋದರೆ ಕವರ್ ನೋಡಿಯೇ ಬೆಲೆ ಹೇಳುತ್ತಾರೆ. ನೀವು ತಟ್ಟೆ ಹೊರಗೆ ತೆಗೆದು ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಕೂದಲೆಳೆಯಂಥ ಗೀರು ಪರವಾಗಿಲ್ಲ, ಉಗುರಿಗೆ ತಾಗುವ ಗೀರು ಬೇಡ. ಗೆರೆಗಳು ಕಪ್ಪಾಗಿ ಮಿಂಚಬೇಕು. ಬೂದಿ ಬಣ್ಣಕ್ಕೆ ತಿರುಗಿದ್ದರೆ ಮೊಂಡು ಸೂಜಿ ಅದನ್ನು ತಿಂದು ಹಾಕಿದೆ ಎಂದೇ ಲೆಕ್ಕ, ಎಷ್ಟು ತೊಳೆದರೂ ವಾಪಸ್ಸು ಬರುವುದಿಲ್ಲ. ಆಮೇಲೆ ನಡುವಿನ ತೂತು ನೋಡಿ. ಅದರ ಸುತ್ತ ಲೇಬಲ್ಲಿನ ಮೇಲೆ ಜೇಡರ ಬಲೆಯಂತೆ ಗೀಚುಗಳಿದ್ದರೆ ಕತ್ತಲಲ್ಲೋ ಅವಸರದಲ್ಲೋ ಲೆಕ್ಕವಿಲ್ಲದಷ್ಟು ಸಲ ಹಾಕಿ ತೆಗೆದಿದ್ದಾರೆ. ಲೇಬಲ್ಲಿನ ಮೇಲೆ ಸೌಂಡ್ ಸರ್ವೀಸಿನ ಮೊಹರು ಕಂಡರೆ ಇನ್ನಷ್ಟು ಎಚ್ಚರ: ಮದುವೆ ಮನೆ, ಟೂರಿಂಗ್ ಟಾಕೀಸು, ಊರ ಜಾತ್ರೆ ಎಲ್ಲವನ್ನೂ ಸುತ್ತಿ ಬಂದ ತಟ್ಟೆ ಅದು. ಮೈಕ್‌ಸೆಟ್ಟಿನವರೇ ನಮ್ಮ ಹಳ್ಳಿಗಳ ಮೊದಲ ಡಿಜೆಗಳು. ಅವರ ಮೇಲೆ ಗೌರವ ಇಟ್ಟುಕೊಂಡೇ ಅವರ ತಟ್ಟೆಯನ್ನು ಅಂಗಡಿಯಲ್ಲಿ ಬಿಟ್ಟು ಬನ್ನಿ.

ಒಂದು ವಿನಾಯಿತಿ. ಹಾಡು ಬೇರೆಲ್ಲೂ ಸಿಗುವುದೇ ಇಲ್ಲ ಎಂದಾದರೆ ಬೂದಿಯಾಗಿದ್ದರೂ ಕೊಳ್ಳಿ.

8. 78ರ ವೇಗದ ತಟ್ಟೆಯನ್ನು ಡೆಕ್‌ಗೆ ಏರಿಸಬೇಡಿ

1902ರಲ್ಲಿ ಕಲ್ಕತ್ತದಲ್ಲಿ ಧ್ವನಿಮುದ್ರಣ ಕೊಟ್ಟು, ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಗಾಯಕಿ ಗೌಹರ್ ಜಾನ್ ಅವರ ತಟ್ಟೆ ಕೈಗೆ ಸಿಕ್ಕರೆ ನುಡಿಸುವ ಚಪಲ ಯಾರಿಗಾದರೂ ಬಂದೀತು. ತಡೆದುಕೊಳ್ಳಿ. ಅದು ಅರಗಿನ ತಟ್ಟೆ, ಬಿದ್ದರೆ ಚೂರು. ಅದರ ಗೆರೆ ಎಲ್‌ಪಿಯದಕ್ಕಿಂತ ಮೂರ್ನಾಲ್ಕು ಪಟ್ಟು ಅಗಲ. ಡಿಜೆ ಸೂಜಿ ಆ ಗೆರೆಯ ತಳದಲ್ಲಿ ಓಲಾಡಿ ಕಸವನ್ನಷ್ಟೇ ಓದುತ್ತದೆ. ಬೇಕಾದರೆ ಗೊತ್ತಿದ್ದವರ ಹತ್ತಿರ ಸರಿಯಾದ ಸೂಜಿಯಲ್ಲಿ ಒಮ್ಮೆ ಫೈಲಿಗೆ ಇಳಿಸಿಕೊಂಡು ಅದನ್ನು ಬಳಸಿ.

9. ತೂಕ ಮಾಡಿ ನೋಡಿ

60 ತಟ್ಟೆ, ಕವರೂ ಸೇರಿ, ಹತ್ತಿರ ಹತ್ತಿರ 14 ಕಿಲೋ. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯ ಟಿಕೆಟ್ಟಿಗೆ ಕೊಡುವ 15 ಕಿಲೋ ಅಲ್ಲಿಗೇ ಮುಗಿಯಿತು, ಬಟ್ಟೆ ಕೈಚೀಲದಲ್ಲಿ. 64 ಜಿಬಿಯ ಪೆನ್‌ಡ್ರೈವಿನಲ್ಲಿ ಆರಾರು ನಿಮಿಷದ 4,000 ಎಂಪಿ3 ಕೂರುತ್ತವೆ. ಹಾಗೆಂದು 4,000 ಒಯ್ಯಬೇಡಿ. ತಟ್ಟೆಯವರು 60ರಲ್ಲಿ ರಾತ್ರಿ ಕಳೆಯುವುದರಿಂದ ಆ 60ರ ಪ್ರತಿ ತಿರುವೂ ಅವರಿಗೆ ಗೊತ್ತಿರುತ್ತದೆ. ಫೈಲಿನವರು 4,000ದಲ್ಲಿ ಹುಡುಕುತ್ತಾ ಕೂತಾಗ ಹಾಡು ಮುಗಿದುಹೋಗುತ್ತದೆ. ಒಂದು ರಾತ್ರಿಗೆ ನೂರರ ಒಂದು ಪಟ್ಟಿ ಸಾಕು.

10. ತಟ್ಟೆ ನುಡಿಸುವ ರಾತ್ರಿ ಒಂದು ಗಂಟೆ ಮುಂಚೆ ಹೋಗಿ

ಮೇಜಿನ ಮೇಲೆ ಡೆಕ್ ಇಟ್ಟು, ನಿಂತ ತಟ್ಟೆಯ ಮೇಲೆ ಸೂಜಿ ಇಳಿಸಿ, ಸದ್ದನ್ನು ನಿಧಾನಕ್ಕೆ ಏರಿಸಿ. ಮೇಜನ್ನು ಬೆರಳಿನಿಂದ ತಟ್ಟಿ. ಸ್ಪೀಕರಿನಲ್ಲಿ ‘ಧಪ್’ ಎಂದು ಕೇಳಿದರೆ, ಇಲ್ಲವೇ ಹೂಂಕಾರವೊಂದು ಹುಟ್ಟಿ ತನ್ನಷ್ಟಕ್ಕೆ ಬೆಳೆಯತೊಡಗಿದರೆ, ಬೇಸ್ ಮೇಜಿನ ಮೂಲಕ ಸೂಜಿಗೆ ವಾಪಸ್ಸು ಬರುತ್ತಿದೆ. ಫುಟ್‌ಪಾತಿಗೆ ಹಾಸುವ ಕಾಂಕ್ರೀಟ್ ಚಪ್ಪಡಿಯನ್ನು ದಪ್ಪ ರಬ್ಬರಿನ ಮೇಲಿಟ್ಟು, ಅದರ ಮೇಲೆ ಡೆಕ್ ಕೂರಿಸಿ. ಅಗ್ಗದ ಉಪಾಯ, ಕೆಲಸ ಮಾಡುತ್ತದೆ. ವೇದಿಕೆ ಮರದ್ದಾಗಿದ್ದು ಜನ ಅದರ ಮೇಲೇ ಕುಣಿಯುವವರಾದರೆ ಚಪ್ಪಡಿಯೂ ಉಳಿಸುವುದಿಲ್ಲ. ಅಲ್ಲಿ ಪೆನ್‌ಡ್ರೈವೇ ಗತಿ.

ಸೂಜಿ ನಿಮ್ಮದೇ ಇರಲಿ. ಡಿಜೆ ಕಾರ್ಟ್ರಿಜ್‌ಗೆ ಸಾಮಾನ್ಯವಾಗಿ 3ರಿಂದ 4 ಗ್ರಾಂ ಭಾರ. ಎಗರುತ್ತದೆಂದು ಮೇಲೆ ನಾಣ್ಯ ಅಂಟಿಸಿದರೆ ತಟ್ಟೆ ಸವೆಯುತ್ತದೆ. ಒಂದು ತಲೆಮಾರಿನ ಡಿಜೆಗಳು ನಂಬಿದ್ದ ಶೂರ್ ಕಂಪನಿ 2018ರಲ್ಲಿ ಕಾರ್ಟ್ರಿಜ್ ತಯಾರಿಯನ್ನೇ ನಿಲ್ಲಿಸಿತು, ಹಳೆಯ ದಾಸ್ತಾನು ಎಂದು ನಕಲಿ ಮಾರುವವರಿದ್ದಾರೆ. ಗ್ರೌಂಡ್ ವೈರನ್ನು ಮಿಕ್ಸರಿಗೆ ಬಿಗಿಯಲು ಮರೆತರೆ ರಾತ್ರಿಯಿಡೀ ‘ಗುಂಯ್’.

11. ನಡುವಿನ ದಾರಿಯೂ ಇದೆ

ಕೈಗೆ ತಟ್ಟೆ ಬೇಕು, ಹಾಡು ಫೈಲಿನಿಂದ ಬರಲಿ ಎನ್ನುವವರಿಗೆ ಟೈಮ್‌ಕೋಡ್ ವಿನೈಲ್. ಸೆರಾಟೊ ಸ್ಕ್ರ್ಯಾಚ್ ಲೈವ್ 2004ರಲ್ಲಿ ಬಂದ ಮೇಲೆ ಇದು ಮನೆಮಾತಾಯಿತು. ಆ ತಟ್ಟೆಯಲ್ಲಿ ಹಾಡಿಲ್ಲ. ನೇರವಾಗಿ ಕೇಳಿದರೆ 1 ಕಿಲೋಹರ್ಟ್ಸಿನ ಕೀರಲು ಸದ್ದು. ಅದನ್ನು ಓದಿ ಲ್ಯಾಪ್‌ಟಾಪು ಫೈಲನ್ನು ಮುಂದೆ ಹಿಂದೆ ಓಡಿಸುತ್ತದೆ. ಸ್ಕ್ರ್ಯಾಚ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಉಳಿದವರಿಗೆ ಸೂಜಿಯ ತೊಂದರೆ, ಲ್ಯಾಪ್‌ಟಾಪಿನ ತೊಂದರೆ ಎರಡೂ ಒಟ್ಟಿಗೆ.

12. ಸಾಲ ಮಾಡಿ ಡೆಕ್ ಕೊಳ್ಳಬೇಡಿ

1972ರಲ್ಲಿ ಶುರುವಾದ ಟೆಕ್ನಿಕ್ಸ್ 1200 ಸರಣಿ 2010ರಲ್ಲಿ ನಿಂತು 2016ರಲ್ಲಿ ಮರಳಿತು. ಹಳೆಯ ಎಂಕೆ2 ಈಗಲೂ ಸೆಕೆಂಡ್‌ಹ್ಯಾಂಡ್ ಸಿಗುತ್ತದೆ, ರಿಪೇರಿಯಾಗುತ್ತದೆ, ಮರುಮಾರಾಟದಲ್ಲಿ ಬೆಲೆ ಬೀಳುವುದು ಕಡಿಮೆ. ಕಂಟ್ರೋಲರುಗಳ ಬೆಲೆ ಹೊಸ ಮಾದರಿ ಬಂದ ಕೂಡಲೇ ಕುಸಿಯುತ್ತದೆ. ಹಾಗಾಗಿ ಮೊದಲ ವರ್ಷ ಅಗ್ಗದ ಕಂಟ್ರೋಲರಿನಲ್ಲಿ ಕಲಿತು, ಕೈಯಲ್ಲಿ ಗಿಗ್ಗಿನ ದುಡ್ಡು ಓಡಾಡತೊಡಗಿದ ಮೇಲೆ ಒಂದು ಒಳ್ಳೆಯ ಡೆಕ್ ತನ್ನಿ. ಒಂದು ಸಾಕು. ಫೈಲಿಗೆ ಇಳಿಸಲಿಕ್ಕೆ ಬೇಕಾಗಿರುವುದೂ ಒಂದೇ.

13. ನಿಮ್ಮ ತಟ್ಟೆಯನ್ನು ನೀವೇ ಫೈಲಿಗೆ ಇಳಿಸಿ

ಬೇರೆಯವರ ಬಳಿ ಇಲ್ಲದ ಹಾಡು ನಿಮ್ಮ ಬಳಿ ಇರುವುದು ಇದರಿಂದಲೇ. ತಟ್ಟೆ ತೊಳೆದು, ಒಣಗಿಸಿ, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಅತಿ ಜೋರಿನ ಜಾಗದಲ್ಲೂ ಮೀಟರು ಮೈನಸ್ 6 ಡೆಸಿಬೆಲ್ ದಾಟದಿರಲಿ. ಚಟಪಟ ಸದ್ದು ತೆಗೆಯುವ ತಂತ್ರಾಂಶವನ್ನು ಹಿತಮಿತವಾಗಿ ಬಳಸಿ, ಅತಿಯಾದರೆ ಡ್ರಮ್ಮಿನ ಮೊನೆಯೂ ಹೋಗುತ್ತದೆ.

ನಿಜವಾದ ಕಷ್ಟ ಆಮೇಲೆ. ಎಪ್ಪತ್ತು ಎಂಬತ್ತರ ದಶಕದ ಸಿನಿಮಾ ಹಾಡಿನಲ್ಲಿ ತಾಳ ಹಿಡಿದದ್ದು ಯಂತ್ರವಲ್ಲ, ವಾದ್ಯಗೋಷ್ಠಿ. ಪಲ್ಲವಿಯಲ್ಲಿ 118 ಇದ್ದ ವೇಗ ಚರಣಕ್ಕೆ 121 ಆಗಿರುತ್ತದೆ, ಹಿನ್ನೆಲೆ ಸಂಗೀತದಲ್ಲಿ ಮತ್ತೆ ಇಳಿದಿರುತ್ತದೆ. ರೆಕಾರ್ಡ್‌ಬಾಕ್ಸ್ ತಂತ್ರಾಂಶ ಒಂದೇ ಸಮನಾದ ಗೆರೆ ಎಳೆದುಕೊಂಡು ಹೋಗುತ್ತದೆ, ಸಿಂಕ್ ಒತ್ತಿದರೆ ಅರ್ಧ ನಿಮಿಷದಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಎರಡು ದಾರಿ ಇವೆ. ಏಬಲ್ಟನ್‌ನಂಥ ತಂತ್ರಾಂಶದಲ್ಲಿ ಕೂತು ನಾಲ್ಕು ನಾಲ್ಕು ಬಾರ್‌ಗೊಮ್ಮೆ ಗುರುತು ಹಾಕಿ ಇಡೀ ಹಾಡನ್ನು ನೇರ ಮಾಡಬಹುದು. ಆಗ ಮಿಕ್ಸ್ ಸುಲಭ, ಹಾಡಿನ ಉಸಿರು ಸ್ವಲ್ಪ ಹೋಗುತ್ತದೆ. ಇಲ್ಲವೇ ಹಾಡನ್ನು ಹಾಗೇ ಬಿಟ್ಟು, ಮೊದಲ 16 ಬಾರ್‌ಗೆ ಮಾತ್ರ ಗ್ರಿಡ್ ಸರಿಪಡಿಸಿ, ಮುಂದಕ್ಕೆ ಜಾಗ್ ವೀಲಿನ ಮೇಲೆ ಬೆರಳಿಟ್ಟು ಹಿಡಿಯುವುದು. ಎರಡನೆಯದೇ ನನಗೆ ಮೇಲೆನಿಸುತ್ತದೆ. ಮೂರನೇ ಸೂತ್ರದಲ್ಲಿ ಕಿವಿ ತಯಾರಾಗಿದ್ದರೆ ಇದು ಕಷ್ಟವೂ ಅಲ್ಲ.

14. ಎರಡು ಪೆನ್‌ಡ್ರೈವ್, ಎರಡು ಜೇಬು

ಎರಡರಲ್ಲೂ ಅವವೇ ಹಾಡು, ಅವವೇ ಪಟ್ಟಿ, ಎರಡೂ ಬೇರೆ ಬೇರೆ ಕಂಪನಿಯವು. ಬ್ಯಾಗಿನ ತಳದಲ್ಲಿ ಅರ್ಧ ಗಂಟೆಯ ಒಂದೇ ಮಿಕ್ಸ್ ಇರುವ ಮೂರನೆಯದೂ ಇದ್ದರೆ ಒಳ್ಳೆಯದು. ಹಾಡು ಓಡುತ್ತಿರುವಾಗ ಪೆನ್‌ಡ್ರೈವನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ. ನಿಮ್ಮ ನಂತರ ನುಡಿಸಲು ಬರುವವರೇ ಅವಸರದಲ್ಲಿ ಕಿತ್ತುಬಿಡುವುದು ಹೆಚ್ಚು.